ಉಪ ಬೀಮಿನ ತುದಿಯನ್ನು ಪಿನ್ ಎಂದು ಬಿಡಬೇಕೇ, ಫಿಕ್ಸ್ ಎಂದು ಹಿಡಿಯಬೇಕೇ?

ಮಲ್ಲೇಶ್ವರದ ವಿನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ಬೀಮಿನ ತುದಿ ಸರಾಗವಾಗಿ ಹೊರಳುತ್ತದೆ ಎಂದು ಲೆಕ್ಕದಲ್ಲಿ ಹಿಡಿದರೆ ಪಿನ್, ಹೊರಳುವುದೇ ಇಲ್ಲ ಎಂದು ಹಿಡಿದರೆ ಫಿಕ್ಸ್; ನನ್ನ ಪ್ರಶ್ನೆ ಇವೆರಡರ ನಡುವಿನದು. ಬೆಂಗಳೂರಿನಲ್ಲಿ ನೆಲಮಹಡಿಯ ಮೇಲೆ ಇನ್ನೆರಡು ಅಂತಸ್ತುಗಳಿರುವ ಒಂದು ಮನೆಯ ಆರ್‌ಸಿಸಿ ವಿನ್ಯಾಸ ನನ್ನ ಕೈಯಲ್ಲಿದೆ. ಅದರಲ್ಲಿ 5 ಮೀಟರ್ ಉದ್ದದ ಒಂದು ಉಪ ಬೀಮ್ ಇದೆ. ಅದರ ಎರಡೂ ತುದಿಗಳು ಕಾಲಂ ಮೇಲೆ ಬಾರದೆ, 4 ಮೀಟರ್ ಸ್ಪ್ಯಾನಿನ (ಆಧಾರಗಳ ನಡುವಿನ ದೂರದ) ಅಂಚಿನ ಬೀಮುಗಳ ನಟ್ಟನಡುವೆ ಬಂದು ಸೇರುತ್ತವೆ. ಎಲ್ಲ ಬೀಮುಗಳೂ 230 ಮಿ.ಮೀ. ಅಗಲ, 450 ಮಿ.ಮೀ. ಆಳದವು. ಕಾಂಕ್ರೀಟ್ ಎಂ25, ಕಂಬಿ ಎಫ್‌ಇ 500. ಸ್ಲ್ಯಾಬ್, ಗೋಡೆ, ಸ್ವಂತ ಭಾರ ಎಲ್ಲ ಸೇರಿ ಉಪ ಬೀಮಿನ ಮೇಲೆ ಮೀಟರಿಗೆ 20 ಕಿಲೋನ್ಯೂಟನ್ ಇದ್ದು, 1.5ರಿಂದ ಗುಣಿಸಿದರೆ ವಿನ್ಯಾಸದ ಭಾರ 30 ಕಿಲೋನ್ಯೂಟನ್ ಆಗುತ್ತದೆ.

ಸಾಫ್ಟ್‌ವೇರಿನಲ್ಲಿ ತುದಿಗಳನ್ನು ಇದ್ದ ಹಾಗೆಯೇ ಬಿಟ್ಟು ಲೆಕ್ಕ ಮಾಡಿಸಿದಾಗ ಉಪ ಬೀಮಿನ ತುದಿಯಲ್ಲಿ ಸುಮಾರು 27 ಕಿ.ನ್ಯೂ.ಮೀ. (ಕಿಲೋನ್ಯೂಟನ್ ಮೀಟರ್) ನೆಗೆಟಿವ್ ಮೊಮೆಂಟ್ (ಬೀಮಿನ ಮೇಲ್ಭಾಗ ಹಿಗ್ಗುವಂತೆ ಬಾಗಿಸುವುದು), ನಡುವೆ ಸುಮಾರು 67 ಕಿ.ನ್ಯೂ.ಮೀ. ಪಾಸಿಟಿವ್ ಮೊಮೆಂಟ್ (ಕೆಳಭಾಗ ಹಿಗ್ಗುವಂತೆ ಬಾಗಿಸುವುದು) ಬಂದಿತು. ಜೊತೆಗೆ ಅಂಚಿನ ಬೀಮಿನಲ್ಲಿ ಸಂಧಿಯ ಎರಡೂ ಬದಿಗೆ 13 ಕಿ.ನ್ಯೂ.ಮೀ.ಗಿಂತ ತುಸು ಹೆಚ್ಚಿನ ಟಾರ್ಷನ್ (ತಿರುಚುವಿಕೆ) ಕಾಣಿಸಿಕೊಂಡು, ಉದ್ದ ಕಂಬಿಗಳನ್ನು ಸುತ್ತುವರಿಯುವ ರಿಂಗುಗಳನ್ನು ಬಹಳ ಒತ್ತಾಗಿ ಕೊಡಬೇಕಾದ ಸ್ಥಿತಿ ಬಂದಿತು. ಉಪ ಬೀಮಿನ ತುದಿಗೆ ಮೊಮೆಂಟ್ ರಿಲೀಸ್ ಕೊಟ್ಟ, ಅಂದರೆ ಅದನ್ನು ಪಿನ್ ಎಂದು ಗುರುತಿಸಿದ ಕೂಡಲೇ ಟಾರ್ಷನ್ ಮಾಯವಾಗಿ ಎಲ್ಲವೂ ಪಾಸಾಯಿತು. ಕಚೇರಿಯ ಹಿರಿಯರು ರಿಲೀಸ್ ಕೊಡುವುದೇ ವಾಡಿಕೆ ಎನ್ನುತ್ತಾರೆ. ಇನ್ನೊಬ್ಬ ಸಹೋದ್ಯೋಗಿಯ ಪ್ರಕಾರ, ಒಟ್ಟಿಗೆ ಎರಕ ಹೊಯ್ದ ಕಾಂಕ್ರೀಟಿನಲ್ಲಿ ಪಿನ್ ಎಂಬುದೇ ಇಲ್ಲವಾದ್ದರಿಂದ ರಿಲೀಸ್ ಕೊಡುವುದು ಎಚ್ಚರಿಕೆಯ ಸಂದೇಶವನ್ನು ಮುಚ್ಚಿಹಾಕಿದಂತೆ. ಇಬ್ಬರ ಮಾತಿನಲ್ಲಿಯೂ ನನಗೆ ಹುರುಳು ಕಾಣುತ್ತಿದೆ. ಅನುಭವಿಗಳು ದಯವಿಟ್ಟು ತಿಳಿಸಿಕೊಡಬೇಕು.

ದಾವಣಗೆರೆಯ ಬೋಧಕ:

ಮೇಡಂ, ನೀವು ಅಂಕಿಗಳನ್ನೂ ಕೊಟ್ಟಿರುವುದರಿಂದ ಗಾಳಿಯಲ್ಲಿ ಮಾತಾಡುವ ಅಗತ್ಯವಿಲ್ಲ. ಮೊದಲು ಸಮತೋಲದ ವಿಷಯ. ನಿಮ್ಮ ಬೀಮಿನ ಒಟ್ಟು ವಿನ್ಯಾಸ ಭಾರ 150 ಕಿಲೋನ್ಯೂಟನ್. ಅದನ್ನು 5 ಮೀಟರಿನಿಂದ ಗುಣಿಸಿ 8ರಿಂದ ಭಾಗಿಸಿದರೆ 93.75 ಕಿ.ನ್ಯೂ.ಮೀ. ಬರುತ್ತದೆ. ಎರಡೂ ತುದಿಗಳು ಒಂದೇ ಬಗೆಯವಾಗಿರುವ ಈ ಬೀಮಿನಲ್ಲಿ ತುದಿಯ ಮೊಮೆಂಟ್ ಮತ್ತು ನಡುವಿನ ಮೊಮೆಂಟ್ ಎರಡೂ ಕೂಡಿ ಎಂದಿಗೂ ಈ 93.75 ಆಗಲೇಬೇಕು. ಪೂರ್ತಿ ಪಿನ್ ಆದರೆ ಎಲ್ಲವೂ ನಡುವೆ. ಪೂರ್ತಿ ಫಿಕ್ಸ್ ಆದರೆ ತುದಿಯಲ್ಲಿ 62.5, ನಡುವೆ 31.25. ನಿಮ್ಮ ಸಾಫ್ಟ್‌ವೇರ್ ತೋರಿಸಿದ್ದು 27 ಮತ್ತು 67. ಅಂದರೆ ನೀವು "ಫಿಕ್ಸ್" ಎಂದು ಕರೆಯುತ್ತಿರುವುದು ಫಿಕ್ಸ್ ಅಲ್ಲ. ಉಪ ಬೀಮ್ ಹೊರಳಿದಷ್ಟೂ ಅಂಚಿನ ಬೀಮ್ ತಿರುಚಿಕೊಳ್ಳುವ, ಎರಡರ ನಡುವೆ ಬಿರುಕು ಬಿಡದ ಸಂಧಿ ಅದು. ಎಷ್ಟು ಮೊಮೆಂಟ್ ಅಲ್ಲಿ ನಿಲ್ಲುತ್ತದೆ ಎಂಬುದನ್ನು ಅಂಚಿನ ಬೀಮಿನ ತಿರುಚು ಬಿಗಿತವೇ ನಿರ್ಧರಿಸುತ್ತದೆ.

ಆ ಬಿಗಿತವನ್ನು ಸಾಫ್ಟ್‌ವೇರ್ ಬಿರುಕಿಲ್ಲದ ಪೂರ್ತಿ ಛೇದದ (ಬೀಮನ್ನು ಅಡ್ಡ ಕೊಯ್ದಾಗ ಕಾಣುವ ಮುಖದ) ಮೇಲೆ ಲೆಕ್ಕ ಹಾಕಿದೆ. ಇಲ್ಲಿಯೇ ತಕರಾರು. ಅಮೆರಿಕದ ಎಸಿಐ 318 ಸಂಹಿತೆಯ ಸೂತ್ರದ ಪ್ರಕಾರ ನೋಡಿದರೆ, 230 ಅಗಲ, 450 ಆಳದ ಬೀಮ್ ಈ ದರ್ಜೆಯ ಕಾಂಕ್ರೀಟಿನಲ್ಲಿ ಸುಮಾರು 11ರಿಂದ 12 ಕಿ.ನ್ಯೂ.ಮೀ. ಟಾರ್ಷನ್ನಿಗೇ ಬಿರುಕು ಬಿಡುತ್ತದೆ. ಒಮ್ಮೆ ಟಾರ್ಷನ್ ಬಿರುಕು ಬಂದ ಮೇಲೆ ಬೀಮಿನ ತಿರುಚು ಬಿಗಿತ ಅಲ್ಪಸ್ವಲ್ಪವಲ್ಲ, ಮೊದಲಿನ ಒಂದು ಸಣ್ಣ ಪಾಲಿಗೆ ಇಳಿದುಬಿಡುತ್ತದೆ. ಅದು ಹತ್ತನೆಯ ಒಂದಕ್ಕೆ ಇಳಿಯಿತು ಎಂದು ಹಿಡಿದು ನಿಮ್ಮ ಬೀಮಿನ ಲೆಕ್ಕವನ್ನು ಮತ್ತೆ ಮಾಡಿದರೆ ತುದಿಯ ಮೊಮೆಂಟ್ 27ರಿಂದ 4ರ ಆಸುಪಾಸಿಗೆ ಕುಸಿದು, ನಡುವಿನದು 67ರಿಂದ 89ಕ್ಕೆ ಏರುತ್ತದೆ. ನಡುವಿನ ಛೇದವನ್ನು 67ಕ್ಕೆ ಮಾತ್ರ ವಿನ್ಯಾಸ ಮಾಡಿದ್ದರೆ, ಬೇಕಾದ ಜಾಗದಲ್ಲಿ ಬೇಕಾದ ಕಂಬಿ ಇರುವುದಿಲ್ಲ.

ಭಾರತೀಯ ಸಂಹಿತೆ ಐಎಸ್ 456:2000 ಇದನ್ನು ಗಮನಿಸಿದೆ. ಅದರ 41.1ನೆಯ ಕಲಮು ಟಾರ್ಷನ್ನನ್ನು ಎರಡು ಬಗೆಯಾಗಿ ನೋಡುತ್ತದೆ. ಸಮತೋಲ ಉಳಿಯಬೇಕಾದರೆ ಟಾರ್ಷನ್ ಇರಲೇಬೇಕು ಎಂಬಲ್ಲಿ ಅದಕ್ಕೆ ವಿನ್ಯಾಸ ಮಾಡಲೇಬೇಕು. ಹೆಚ್ಚುವರಿ ನಿರ್ಬಂಧವೊಂದನ್ನು ಬಿಡಿಸಿದರೆ ಟಾರ್ಷನ್ ಇಲ್ಲವಾಗುವಂಥ ಕಟ್ಟಡದಲ್ಲಿ, ತಿರುಚು ಬಿಗಿತವನ್ನು ಲೆಕ್ಕದಲ್ಲಿ ಹಿಡಿಯದಿದ್ದರೆ, ಪ್ರತ್ಯೇಕ ಟಾರ್ಷನ್ ವಿನ್ಯಾಸ ಬೇಡ. ಬಿರುಕಿನ ಹತೋಟಿಗೆ ಷಿಯರಿಗಾಗಿ (ಬೀಮನ್ನು ಅಡ್ಡಕ್ಕೆ ಕತ್ತರಿಸಲು ನೋಡುವ ಬಲಕ್ಕಾಗಿ) ಕೊಟ್ಟ ರಿಂಗುಗಳೇ ಸಾಕು. ನಿಮ್ಮದು ಎರಡನೆಯ ಬಗೆ. ಆದ್ದರಿಂದ ನಿಮ್ಮ ಹಿರಿಯರು ಹೇಳಿದ್ದು ಬರಿಯ ವಾಡಿಕೆಯಲ್ಲ, ಸಂಹಿತೆಯ ಒಪ್ಪಿಗೆ ಇರುವ ಮಾತು.

ಒಂದು ಎಚ್ಚರ. ಅದೇ ಅಂಚಿನ ಬೀಮಿನಿಂದ ಹೊರಗೆ ಸಜ್ಜವೋ ಬಾಲ್ಕನಿಯೋ ಚಾಚಿದ್ದು, ಅದರ ಹಿಂದೆ ಒಳಗಡೆ ಸ್ಲ್ಯಾಬ್ ಮುಂದುವರಿಯದಿದ್ದರೆ, ಆ ಚಾಚನ್ನು ಹಿಡಿದು ನಿಲ್ಲಿಸುವುದು ಬೀಮಿನ ಟಾರ್ಷನ್ ಒಂದೇ. ಅಲ್ಲಿ ರಿಲೀಸ್ ಕೊಟ್ಟರೆ ಸಜ್ಜ ಕೆಳಗೆ ಬರುತ್ತದೆ. ಮೆಟ್ಟಿಲ ಪಕ್ಕದಲ್ಲಿ, ಸ್ಲ್ಯಾಬ್ ತಗ್ಗಿಸಿದ ಬಚ್ಚಲಿನ ಬದಿಯಲ್ಲಿ ಈ ಪರಿಸ್ಥಿತಿ ಕಣ್ಣಿಗೆ ಬೀಳದೆ ಅಡಗಿರುತ್ತದೆ. ರಿಲೀಸ್ ಕೊಡುವ ಮೊದಲು ಆಚೆ ಬದಿಯಲ್ಲಿ ಏನಿದೆ ಎಂದು ನಕ್ಷೆ ನೋಡಿಯೇ ತೀರಬೇಕು.

ಮೈಸೂರಿನ ಕನ್ಸಲ್ಟೆಂಟ್:

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತವಿದೆ. ಆದರೆ ಚರ್ಚೆ ಇಲ್ಲಿಗೆ ನಿಂತರೆ ಅರ್ಧ ಕೆಲಸ ಮಾತ್ರ ಆದಂತೆ. ಪಿನ್ ಎಂಬುದು ಲೆಕ್ಕದಲ್ಲಿ ನಾವು ಮಾಡಿಕೊಂಡ ಊಹೆ. ಸೈಟಿನಲ್ಲಿ ಸೆಂಟ್ರಿಂಗ್ ಬಿಚ್ಚಿದ ಮೇಲೆ ಅಲ್ಲಿರುವುದು ಒಂದೇ ಕಾಂಕ್ರೀಟ್ ಗಡ್ಡೆ. ಆ ಸಂಧಿಗೆ ನಮ್ಮ ರಿಲೀಸಿನ ಸುದ್ದಿ ತಿಳಿದಿರುವುದಿಲ್ಲ. ಭಾರ ಬಿದ್ದ ಮೊದಲ ದಿನ ಅದು ಮೊಮೆಂಟನ್ನು ಎಳೆದುಕೊಳ್ಳಲು ನೋಡುತ್ತದೆ, ಮೇಲ್ಭಾಗ ಹಿಗ್ಗುತ್ತದೆ, ಅಲ್ಲಿ ಕಂಬಿ ಇಲ್ಲದಿದ್ದರೆ ಅಗಲವಾದ ಒಂದೇ ಬಿರುಕು ಬಾಯ್ತೆರೆಯುತ್ತದೆ. ಅದಕ್ಕಾಗಿ ಪಿನ್ ಎಂದು ಬಿಟ್ಟ ತುದಿಗೂ ಮೇಲಿನ ಕಂಬಿ ಬೇಕೇಬೇಕು.

ಎಷ್ಟು ಬೇಕು ಎಂಬುದಕ್ಕೆ ಬೇರೆ ಬೇರೆ ಸಂಹಿತೆಗಳ ಉತ್ತರ ಸಾಕಷ್ಟು ಹತ್ತಿರ ಹತ್ತಿರವಾಗಿದೆ. ಐಎಸ್ 456ರ 22.5.2ನೆಯ ಕಲಮು, ಇಟ್ಟಿಗೆ ಗೋಡೆಯೊಳಗೆ ಹುದುಗಿ ಅರೆಬರೆ ಹಿಡಿತ ಪಡೆಯುವ ಬೀಮಿನ ತುದಿಗೆ, ಒಟ್ಟು ಭಾರವನ್ನು ಸ್ಪ್ಯಾನಿನಿಂದ ಗುಣಿಸಿ 24ರಿಂದ ಭಾಗಿಸಿದಷ್ಟು ನೆಗೆಟಿವ್ ಮೊಮೆಂಟ್ ಹಿಡಿಯಲು ಹೇಳುತ್ತದೆ. ಆ ಕಲಮಿನ ಮಾತು ಗೋಡೆಗೆ ಸಂಬಂಧಿಸಿದ್ದಾದರೂ ಅಂಚಿನ ಬೀಮಿಗೆ ಸೇರುವ ತುದಿಗೂ ಅದೇ ಪ್ರಮಾಣವನ್ನು ಬಳಸುವುದು ನನ್ನ ಪದ್ಧತಿ. ಎಸಿಐ 318ರ ಮೊಮೆಂಟ್ ಗುಣಾಂಕಗಳಲ್ಲಿಯೂ, ಅಂಚಿನ ಬೀಮಿನೊಂದಿಗೆ ಎರಕವಾದ ಹೊರತುದಿಗೆ 24ನೆಯ ಒಂದು, ಕಾಲಮಿನೊಂದಿಗೆ ಎರಕವಾದ ಹೊರತುದಿಗೆ 16ನೆಯ ಒಂದು ಎಂದೇ ಇದೆ. ಯೂರೋಕೋಡ್ 2 ಇನ್ನೂ ನೇರವಾಗಿ, ವಿನ್ಯಾಸದಲ್ಲಿ ಸಾದಾ ಆಧಾರ ಎಂದು ಹಿಡಿದಿದ್ದರೂ ಒಟ್ಟಿಗೆ ಎರಕ ಹೊಯ್ದ ಕಟ್ಟಡದಲ್ಲಿ ಆಧಾರದ ಬಳಿಯ ಛೇದವನ್ನು ನಡುಸ್ಪ್ಯಾನಿನ ಗರಿಷ್ಠ ಮೊಮೆಂಟಿನ ಶೇ. 15ಕ್ಕಾದರೂ ವಿನ್ಯಾಸ ಮಾಡಿ ಎಂದು ಶಿಫಾರಸು ಮಾಡುತ್ತದೆ.

ನಿಮ್ಮ ಬೀಮಿಗೆ ಯೂರೋಕೋಡ್ ಲೆಕ್ಕದಲ್ಲಿ 14, ನಮ್ಮ ಸಂಹಿತೆಯ ಲೆಕ್ಕದಲ್ಲಿ 31.25 ಕಿ.ನ್ಯೂ.ಮೀ. ಬರುತ್ತದೆ. ದೊಡ್ಡದನ್ನೇ ಹಿಡಿಯೋಣ. ಪರಿಣಾಮಕಾರಿ ಆಳ (ಬೀಮಿನ ಎದುರು ಮುಖದಿಂದ ಕಂಬಿಯ ನಡುವಿನವರೆಗಿನ ಆಳ) 410 ಮಿ.ಮೀ. ಎಂದುಕೊಂಡರೆ ಮೇಲ್ಗಡೆ ಬೇಕಾದ ಕಂಬಿ ಸುಮಾರು 182 ಚದರ ಮಿ.ಮೀ. 12 ಮಿ.ಮೀ.ನ ಎರಡು ಕಂಬಿಗಳಲ್ಲಿ 226 ಸಿಗುತ್ತದೆ. ರಿಂಗುಗಳನ್ನು ಕಟ್ಟುವುದಕ್ಕೆಂದು ನೀವು ಹೇಗೂ ಹಾಕುವ ಆ ಎರಡು ಕಂಬಿಗಳೇ ಸಾಕು. ಕೆಳಗಡೆ ಪೂರ್ತಿ 93.75ಕ್ಕೆ ಸುಮಾರು 603 ಚದರ ಮಿ.ಮೀ., ಅಂದರೆ 16 ಮಿ.ಮೀ.ನ ಮೂರು ಕಂಬಿಗಳು ಬೇಕು. ಸಾಫ್ಟ್‌ವೇರ್ ಕೊಟ್ಟ 67ನ್ನೇ ನಂಬಿದ್ದರೆ 410 ಚದರ ಮಿ.ಮೀ. ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಎರಡೇ ಕಂಬಿಗಳಲ್ಲಿ ಮುಗಿಯುತ್ತಿತ್ತು. ಹಾಗಾಗಿ ಇಷ್ಟೆಲ್ಲ ವಾದದ ಒಟ್ಟು ಬೆಲೆ 16 ಮಿ.ಮೀ.ನ ಒಂದು ಕಂಬಿ, ತೂಕದಲ್ಲಿ ಎಂಟು ಒಂಬತ್ತು ಕಿಲೋ. ಅದನ್ನು ಉಳಿಸುವ ಸಲುವಾಗಿ ಬಿರುಕು ಬಿಡುವ ಬೀಮಿನ ಬಿಗಿತದ ಮೇಲೆ ಭರವಸೆ ಇಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಸಂಧಿಯೊಳಗಿನ ಹಿಡಿತ. ಎಂ25 ಕಾಂಕ್ರೀಟಿನಲ್ಲಿ ಎಫ್‌ಇ 500 ಕಂಬಿಯ ಡೆವಲಪ್‌ಮೆಂಟ್ ಉದ್ದ (ಪೂರ್ತಿ ಬಲ ಪಡೆಯಲು ಕಂಬಿ ಕಾಂಕ್ರೀಟಿನೊಳಗೆ ಹುದುಗಿರಬೇಕಾದ ಉದ್ದ) ವ್ಯಾಸದ ಸುಮಾರು 48.5 ಪಟ್ಟು. 12 ಮಿ.ಮೀ. ಕಂಬಿಗೆ 583, 16 ಮಿ.ಮೀ. ಕಂಬಿಗೆ 777 ಮಿ.ಮೀ. 230 ಅಗಲದ ಅಂಚಿನ ಬೀಮಿನಲ್ಲಿ ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ), ರಿಂಗು, ಉದ್ದ ಕಂಬಿ ಕಳೆದು ಅಡ್ಡಕ್ಕೆ ಸಿಗುವುದು 190ರಷ್ಟು ಮಾತ್ರ. ಉಳಿದದ್ದನ್ನು ಎಲ್ ಆಕಾರದಲ್ಲಿ ಮಡಿಸಿ ಕೆಳಕ್ಕೆ ಇಳಿಸಬೇಕು. ಬೇಕಾದದ್ದಕ್ಕಿಂತ ಹೆಚ್ಚು ಕಂಬಿ ಇರುವುದರಿಂದ 12 ಮಿ.ಮೀ.ಗೆ ಉದ್ದವನ್ನು ಅದೇ ಅನುಪಾತದಲ್ಲಿ ಇಳಿಸಿಕೊಂಡು 450 ಆಳದೊಳಗೆ ಕೂರಿಸಬಹುದು. 16 ಮಿ.ಮೀ. ಕಂಬಿಯನ್ನು ಪೂರ್ತಿ ಬಲಕ್ಕೆ ಹಿಡಿಸಲು ಆ ಆಳ ಸಾಲುವುದಿಲ್ಲ. ಎಷ್ಟೋ ನಕ್ಷೆಗಳಲ್ಲಿ ಇಂಥ ತುದಿಗೆ 20 ಮಿ.ಮೀ. ಕಂಬಿ ಬರೆದು "ಪೂರ್ತಿ ಡೆವಲಪ್‌ಮೆಂಟ್ ಉದ್ದ ಕೊಡಿ" ಎಂದು ಟಿಪ್ಪಣಿ ಹಾಕಿರುತ್ತಾರೆ. ಕಾಗದದ ಮೇಲೆ ಬರೆದರೂ ಕಂಬಿಗೆ ಹೋಗಲು ಜಾಗವಿರುವುದಿಲ್ಲ.

ಟಾರ್ಷನ್ನನ್ನು ಲೆಕ್ಕದಿಂದ ಬಿಟ್ಟಿದ್ದರೂ ಅಂಚಿನ ಬೀಮಿನ ರಿಂಗುಗಳು ಮುಚ್ಚಿದ ರಿಂಗುಗಳಾಗಿರಬೇಕು, ಕೊಕ್ಕೆಗಳು 135 ಡಿಗ್ರಿ ಒಳಕ್ಕೆ ಮಡಿದಿರಬೇಕು. ಟಾರ್ಷನ್ ಇರುವ ಬೀಮಿಗೆ ಐಎಸ್ 456 ಹೇಳುವ ರಿಂಗುಗಳ ಅಂತರದ ಮಿತಿ ನಿಮ್ಮ ಅಳತೆಗೆ 140 ಮಿ.ಮೀ. ಹತ್ತಿರ ಬರುತ್ತದೆ. ಸಂಧಿಯ ಎರಡೂ ಬದಿಗೆ ಆ ಅಂತರವನ್ನೇ ಇಟ್ಟರೆ ಹೆಚ್ಚು ಖರ್ಚಿಲ್ಲದೆ ಬಿರುಕು ಹತೋಟಿಯಲ್ಲಿರುತ್ತದೆ.

ಮಂಗಳೂರಿನ ಸೈಟ್ ಎಂಜಿನಿಯರ್:

ಲೆಕ್ಕದ ಮಾತು ತಿಳಿದವರು ಹೇಳಿದ್ದಾರೆ. ಸೈಟಿನ ಕಡೆಯಿಂದ ಒಂದೆರಡು ವಿಷಯ ಸೇರಿಸುತ್ತೇನೆ.

ನಕ್ಷೆಯಲ್ಲಿ "ಪಿನ್" ಎಂಬ ಪದ ಕಂಡರೆ ಬಾರ್ ಬೆಂಡರ್ ಮೇಲಿನ ಕಂಬಿಯನ್ನು ಅಂಚಿನ ಬೀಮಿನ ಮೊದಲ ಕಂಬಿ ಮುಟ್ಟುವಷ್ಟಕ್ಕೆ ನೇರವಾಗಿ ಕತ್ತರಿಸಿ ನಿಲ್ಲಿಸಿಬಿಡುತ್ತಾನೆ. ಅವನದ್ದು ತಪ್ಪಲ್ಲ. ನಾವೇ ಅದನ್ನು ಸಾದಾ ಆಧಾರ ಎಂದು ಬರೆದುಕೊಟ್ಟಿರುತ್ತೇವೆ. ನಾನು ಪರಿಶೀಲನೆಗೆ ಹೋಗಿದ್ದ ಒಂದು ಕಟ್ಟಡದ ತಾರಸಿಯಲ್ಲಿ, ಉಪ ಬೀಮ್ ಅಂಚಿನ ಬೀಮನ್ನು ಸೇರುವ ಪ್ರತಿಯೊಂದು ಜಾಗದಲ್ಲಿಯೂ ಅಂಚಿಗೆ ಸಮಾನಾಂತರವಾಗಿ, ಅಂಚಿನಿಂದ ಒಂದು ಗೇಣು ಒಳಗೆ, ಒಂದೇ ರೀತಿಯ ಬಿರುಕು ಎದ್ದಿತ್ತು. ಬಿರುಕಿನ ಅಗಲ ನಾಣ್ಯದ ಅಂಚು ಹೋಗುವಷ್ಟು. ಒಂದು ಕಡೆ ಪ್ಲಾಸ್ಟರ್ ಕೆತ್ತಿ ನೋಡಿದಾಗ ಮೇಲಿನ ಎರಡು ಕಂಬಿಗಳು ಅಂಚಿನ ಬೀಮಿನೊಳಗೆ ನಾಲ್ಕು ಬೆರಳಷ್ಟೂ ಹೋಗಿರಲಿಲ್ಲ. ಬೀಮ್ ಬೀಳುವ ಸ್ಥಿತಿಯಲ್ಲಿ ಇರಲಿಲ್ಲ, ಕೆಳಗಿನ ಕಂಬಿ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಕರಾವಳಿಯ ಮಳೆ ನಾಲ್ಕು ತಿಂಗಳು ಆ ಬಿರುಕಿನೊಳಗೆ ಇಳಿದರೆ, ಉಪ್ಪುಗಾಳಿಯೂ ಸೇರಿ, ಕಂಬಿ ತುಕ್ಕು ಹಿಡಿಯಲು ಎಷ್ಟು ಹೊತ್ತು? ಬಲದ ಲೆಕ್ಕದಲ್ಲಿ ಬೇಡವೆನಿಸಿದ ಕಂಬಿ ಬಾಳಿಕೆಯ ಲೆಕ್ಕದಲ್ಲಿ ಬೇಕಾಗುತ್ತದೆ.

ಇನ್ನೊಂದು, ಎರಡೂ ಬೀಮುಗಳು 450 ಆಳದವೇ ಆಗಿದ್ದರೆ ಉಪ ಬೀಮಿನ ಕೆಳಗಿನ ಕಂಬಿ ಅಂಚಿನ ಬೀಮಿನ ಕೆಳಗಿನ ಕಂಬಿಯ ಮೇಲೆ ಕೂರಬೇಕು. ಅವಸರದಲ್ಲಿ ಅದನ್ನು ಕೆಳಗೆ ತೂರಿಸಿಬಿಡುವುದನ್ನು ಕಂಡಿದ್ದೇನೆ. ಆಗ ಉಪ ಬೀಮಿನ ಭಾರವೆಲ್ಲ ಅಂಚಿನ ಬೀಮಿನ ಕವರ್ ಕಾಂಕ್ರೀಟಿನ ಮೇಲೆ ಬೀಳುತ್ತದೆ.

ಮೈಸೂರಿನ ಕನ್ಸಲ್ಟೆಂಟ್:

ಈ ಕೊನೆಯ ಅಂಶ ಬಹಳ ಮುಖ್ಯ, ನಾನು ಬರೆಯಬೇಕೆಂದುಕೊಂಡಿದ್ದೂ ಹೌದು. ಉಪ ಬೀಮ್ ಅಂಚಿನ ಬೀಮಿನ ತಲೆಯ ಮೇಲೆ ಕೂತಿಲ್ಲ, ಪಕ್ಕಕ್ಕೆ ಬಂದು ಸೇರಿದೆ. ಅದರ 75 ಕಿಲೋನ್ಯೂಟನ್ ಪ್ರತಿಕ್ರಿಯೆ ಅಂಚಿನ ಬೀಮಿನ ಕೆಳಭಾಗಕ್ಕೆ ತಲುಪುತ್ತದೆ. ಅದನ್ನು ಮೇಲಕ್ಕೆ ಎತ್ತಿಕೊಡಲು ಸಂಧಿಯ ಬಳಿ ತೂಗು ರಿಂಗುಗಳು ಬೇಕು. ರಿಂಗಿನ ಬಲವನ್ನು ಸಂಹಿತೆಯಂತೆ 415 ದರ್ಜೆಗೆ ಸೀಮಿತಗೊಳಿಸಿ ಲೆಕ್ಕ ಹಾಕಿದರೆ 208 ಚದರ ಮಿ.ಮೀ. ಬೇಕು. 8 ಮಿ.ಮೀ.ನ ಎರಡು ಕಾಲಿನ ಒಂದು ರಿಂಗಿನಲ್ಲಿ 100 ಸಿಗುವುದರಿಂದ, ಷಿಯರಿಗೆ ಕೊಟ್ಟದ್ದರ ಮೇಲೆ ಮೂರು ಹೆಚ್ಚುವರಿ ರಿಂಗುಗಳನ್ನು ಸಂಧಿಯ ಅಗಲದಲ್ಲಿಯೇ ಕಟ್ಟಿಸಿ. ತುದಿ ಪಿನ್ ಆದರೂ ಫಿಕ್ಸ್ ಆದರೂ ಈ 75 ಬದಲಾಗುವುದಿಲ್ಲ.

ಹುಬ್ಬಳ್ಳಿಯ ವಿದ್ಯಾರ್ಥಿ:

ಸರ್, ಒಂದು ಸಂದೇಹ. ಪಿನ್ ಎಂದು ಹಿಡಿದು ನಡುವೆ ಹೆಚ್ಚು ಕಂಬಿ ಕೊಡುವುದು ಸುರಕ್ಷಿತವಾದರೆ, ಕಾಲಮಿಗೆ ಸೇರುವ ಮುಖ್ಯ ಬೀಮುಗಳನ್ನೂ ಹಾಗೆಯೇ ಪಿನ್ ಎಂದು ಬಿಡಬಹುದಲ್ಲವೇ? ಕಾಲಮಿಗೆ ಮೊಮೆಂಟೇ ಬಾರದೆ ಕಾಲಂ ಸಣ್ಣದಾಗುತ್ತದೆ. ಹೀಗೆ ಮಾಡಿರುವ ಕೆಲವು ಮಾದರಿಗಳನ್ನು ನೋಡಿದ್ದೇನೆ.

ಮೈಸೂರಿನ ಕನ್ಸಲ್ಟೆಂಟ್:

ಖಂಡಿತ ಬಿಡಬಾರದು. ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು, ಏಕೆಂದರೆ ಉಪ ಬೀಮಿನ ತುದಿಯ ಸಮಸ್ಯೆ ಹೆಚ್ಚೆಂದರೆ ಒಂದು ಬಿರುಕಿನಲ್ಲಿ ಮುಗಿಯಬಹುದು, ಇಲ್ಲಿ ಹಾಗಲ್ಲ.

ಉಪ ಬೀಮಿನ ತುದಿಯ ಮೊಮೆಂಟ್ ಇಲ್ಲದಿದ್ದರೂ ಕಟ್ಟಡ ನಿಲ್ಲುತ್ತದೆ. ಷಿಯರ್ ಗೋಡೆಗಳಿಲ್ಲದ (ಅಡ್ಡಬಲ ತಡೆಯುವ ಕಾಂಕ್ರೀಟ್ ಗೋಡೆಗಳಿಲ್ಲದ) ಸಾಮಾನ್ಯ ಆರ್‌ಸಿಸಿ ಚೌಕಟ್ಟಿನಲ್ಲಿ ಗಾಳಿ ಮತ್ತು ಭೂಕಂಪದ ಅಡ್ಡಬಲವನ್ನು ತಡೆಯುವುದು ಬೀಮು ಮತ್ತು ಕಾಲಂಗಳ ನಡುವಿನ ಈ ಮೊಮೆಂಟ್ ಹಿಡಿತವೊಂದೇ. ಎಲ್ಲವನ್ನೂ ಪಿನ್ ಮಾಡಿದರೆ ಪ್ರತಿಯೊಂದು ಕಾಲಮೂ ಪಾಯದಿಂದ ತಾರಸಿಯವರೆಗೆ ಒಂಟಿಯಾಗಿ ನಿಂತ ಕಂಬವಾಗುತ್ತದೆ. ಎರಡೂ ತುದಿ ಹಿಡಿದಿರುವ ಕಾಲಮಿಗೆ ಐಎಸ್ 456 ಪರಿಣಾಮಕಾರಿ ಉದ್ದವನ್ನು (ಇದು ಹೆಚ್ಚಿದಷ್ಟೂ ಕಾಲಂ ಬಾಗಿಹೋಗುವ ಭಯ ಹೆಚ್ಚು) 0.65 ಪಟ್ಟು ಎನ್ನುತ್ತದೆ; ಒಂದು ತುದಿ ಹಿಡಿದು ಇನ್ನೊಂದು ತುದಿ ಪೂರ್ತಿ ಬಿಟ್ಟಿದ್ದರೆ 2 ಪಟ್ಟು. ಕಾಲಂ ಸಣ್ಣದಾಗುವ ಮಾತು ಎಲ್ಲಿ ಬಂತು? ಸಾಫ್ಟ್‌ವೇರಿನಲ್ಲಿ ಬರಿಯ ಕೆಳಮುಖ ಭಾರ ಕೊಟ್ಟು ನೋಡಿದರೆ ಇದು ಕಾಣುವುದೇ ಇಲ್ಲ. ಅಡ್ಡಬಲ ಕೊಟ್ಟು, ಅಂತಸ್ತು ಎಷ್ಟು ಪಕ್ಕಕ್ಕೆ ವಾಲುತ್ತದೆ ಎಂದು ನೋಡಿದಾಗ ತಿಳಿಯುತ್ತದೆ.

ಇನ್ನೂ ಒಂದು ಅಪಾಯವಿದೆ. ಮಾದರಿಯಲ್ಲಿ ಪಿನ್ ಇದ್ದರೂ ಸೈಟಿನಲ್ಲಿ ಬೀಮು ಕಾಲಮಿಗೆ ಮೊಮೆಂಟ್ ಕೊಟ್ಟೇ ಕೊಡುತ್ತದೆ. ಅದರಲ್ಲಿಯೂ ಮೇಲೆ ಹೆಚ್ಚು ಭಾರವಿಲ್ಲದ ತಾರಸಿ ಮಟ್ಟದ ಹೊರಗಿನ ಕಾಲಂ ಆ ಮೊಮೆಂಟಿಗೆ ಸಿದ್ಧವಿರುವುದಿಲ್ಲ. ಅಂಚಿನ ಬೀಮ್ ಟಾರ್ಷನ್ನಿನಲ್ಲಿ ಬಿರುಕು ಬಿಟ್ಟು ಮೆತ್ತಗಾಗುತ್ತದೆ ಎಂದೆವಲ್ಲ, ಕಾಲಂ ಅಷ್ಟು ಸುಲಭವಾಗಿ ಮೆತ್ತಗಾಗುವುದಿಲ್ಲ. ಎಸಿಐ ಗುಣಾಂಕಗಳು ಅಂಚಿನ ಬೀಮಿಗೆ 24ನೆಯ ಒಂದು, ಕಾಲಮಿಗೆ 16ನೆಯ ಒಂದು ಎಂದು ಭೇದ ಮಾಡುವುದು ಈ ಕಾರಣಕ್ಕೇ.

ಮಂಗಳೂರಿನ ಸೈಟ್ ಎಂಜಿನಿಯರ್:

ಇದಕ್ಕೆ ಭೂಕಂಪ ಸಂಹಿತೆಯನ್ನೂ ಸೇರಿಸಬೇಕು. ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಂತೆ ಬೆಂಗಳೂರು ಎರಡನೆಯ ವಲಯದಲ್ಲಿ, ನಮ್ಮ ಮಂಗಳೂರು ಮೂರನೆಯ ವಲಯದಲ್ಲಿದೆ. ಡಕ್ಟೈಲ್ ಡೀಟೇಲಿಂಗ್‌ಗೆ (ಕಟ್ಟಡ ಥಟ್ಟನೆ ಮುರಿಯದಂತೆ ಕಂಬಿ ಜೋಡಿಸುವ ಕ್ರಮಕ್ಕೆ) ಸಂಬಂಧಿಸಿದ ಐಎಸ್ 13920:2016 ಮೂರನೆಯ ವಲಯದಿಂದ ಮೇಲಕ್ಕೆ ಕಡ್ಡಾಯ, ಎರಡನೆಯದರಲ್ಲಿ ಐಚ್ಛಿಕ. ಅದರಂತೆ ಕಾಲಮಿಗೆ ಸೇರುವ ಬೀಮಿನ ತುದಿಯಲ್ಲಿ ಮೇಲಿನ ಕಂಬಿಯ ಅರ್ಧದಷ್ಟಾದರೂ ಕೆಳಗೆ ಇರಬೇಕು. ಭೂಕಂಪದಲ್ಲಿ ಕಟ್ಟಡ ಎರಡೂ ಕಡೆಗೆ ತೂಗುವಾಗ ತುದಿಯ ಮೊಮೆಂಟಿನ ದಿಕ್ಕು ಬದಲಾಗುವುದರಿಂದ ಈ ನಿಯಮ. ಹೊರಗಿನ ಕಾಲಮಿನಲ್ಲಿ ಮೇಲಿನ ಮತ್ತು ಕೆಳಗಿನ ಎರಡೂ ಕಂಬಿಗಳಿಗೆ ಡೆವಲಪ್‌ಮೆಂಟ್ ಉದ್ದದ ಜೊತೆಗೆ ವ್ಯಾಸದ 10 ಪಟ್ಟು ಹಿಡಿತ ಕೊಡಬೇಕು, ಬೆಂಡಿಗೆ ಸಲ್ಲುವುದನ್ನು ಮಾತ್ರ ಕಳೆಯಬಹುದು. ಸಂಧಿಯೊಳಗೂ ಕಾಲಮಿನ ಮುಖದಿಂದ ಪರಿಣಾಮಕಾರಿ ಆಳದ ಎರಡು ಪಟ್ಟು ದೂರದೊಳಗೂ ಕಂಬಿಗಳ ಲ್ಯಾಪ್ (ಎರಡು ಕಂಬಿಗಳನ್ನು ಒತ್ತಟ್ಟಿಗೆ ಇಟ್ಟು ಮಾಡುವ ಜೋಡಣೆ) ಇರಕೂಡದು. ಸಂಧಿಯಲ್ಲಿ ಸೇರುವ ಕಾಲಂಗಳ ಒಟ್ಟು ಬಲ ಬೀಮುಗಳ ಒಟ್ಟು ಬಲದ 1.4 ಪಟ್ಟಾದರೂ ಇರಬೇಕು.

2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಆರ್‌ಸಿಸಿ ಕಟ್ಟಡಗಳು ಕುಸಿದವು. ಕೆಳಗೆ ವಾಹನ ನಿಲುಗಡೆಗೆಂದು ಗೋಡೆಗಳಿಲ್ಲದೆ ತೆರೆದಿಟ್ಟ ಅಂತಸ್ತು ಅಲ್ಲಿ ದೊಡ್ಡ ಕಾರಣ; ಸಂಧಿಗಳಲ್ಲಿ ರಿಂಗುಗಳ ಕೊರತೆ, ಕಂಬಿಗಳ ಹಿಡಿತದ ಕೊರತೆ ಜೊತೆಗಿದ್ದವು. ಬೆಂಗಳೂರಿನ ಸಣ್ಣ ನಿವೇಶನಗಳಲ್ಲಿ ಇಂದು ನಾವು ಕಟ್ಟುತ್ತಿರುವುದೂ ಕೆಳಗೆ ಕಾರು, ಮೇಲೆ ಮನೆ ಎಂಬ ಅದೇ ಆಕಾರ. ವಲಯ ಎರಡು ಎಂದು ನೆಮ್ಮದಿಯಿಂದ ಕಾಲಂ ತುದಿಗಳನ್ನು ಪಿನ್ ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಪ್ರೀಕಾಸ್ಟ್ ವಿಭಾಗದವನು:

ಒಟ್ಟಿಗೆ ಎರಕ ಹೊಯ್ದಲ್ಲಿ ಪಿನ್ ಇಲ್ಲ ಎನ್ನುವುದು ನಿಜ. ಆದರೆ ಕಾಂಕ್ರೀಟಿನಲ್ಲಿ ಪಿನ್ ಅಸಾಧ್ಯವೇನಲ್ಲ. ನಮ್ಮ ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ ಅಂಗಗಳನ್ನು ತಂದು ಜೋಡಿಸುವ) ಕೆಲಸದಲ್ಲಿ ಕಾಲಮಿನಿಂದ ಚಾಚಿದ ಕಾರ್ಬೆಲ್ ಮೇಲೆ ರಬ್ಬರ್ ಪ್ಯಾಡ್ ಇಟ್ಟು, ಅದರ ಮೇಲೆ ಬೀಮನ್ನು ಕೂರಿಸಿ, ಒಂದು ಡೋವೆಲ್ ಕಂಬಿಯನ್ನು ತೂರಿಸಿ ಗ್ರೌಟ್ ತುಂಬುತ್ತೇವೆ. ಅದು ಸಾಕಷ್ಟು ನಿಜವಾದ ಪಿನ್. ಅಂಥ ಕಟ್ಟಡದಲ್ಲಿ ಅಡ್ಡಬಲವನ್ನು ಷಿಯರ್ ಗೋಡೆಗಳಿಗೋ ಪಾಯದಲ್ಲಿ ಬಿಗಿಯಾಗಿ ಹಿಡಿದ ಕಾಲಂಗಳಿಗೋ ಮೊದಲೇ ವಹಿಸಿರುತ್ತೇವೆ. ಸೇತುವೆಗಳಲ್ಲಿ ಛೇದವನ್ನು ಕಿರಿದುಗೊಳಿಸಿ ಮಾಡುವ ಫ್ರೆಸಿನೆ ಕಾಂಕ್ರೀಟ್ ಹಿಂಜ್ ಕೂಡ ಬಹುಕಾಲದಿಂದ ಬಳಕೆಯಲ್ಲಿದೆ.

ನಿಜವಾದ ಪಿನ್ನಿಗೆ ತನ್ನದೇ ಆದ ಬೆಲೆಯಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲವಾಲ್ ನಗರದ ಡಿ ಲಾ ಕಾಂಕಾರ್ಡ್ ಮೇಲ್ಸೇತುವೆಯ ನಡುಭಾಗ, ಎರಡೂ ಬದಿಯಿಂದ ಚಾಚಿದ ಭಾಗಗಳ ತುದಿಯ ಮೆಟ್ಟಿಲಿನಂಥ ಅರ್ಧ ಸಂಧಿಯ ಮೇಲೆ ಕೂತಿತ್ತು. 2006ರ ಸೆಪ್ಟೆಂಬರ್ 30ರಂದು ಆ ಚಾಚು ಮುರಿದು ಐದು ಜನ ಸತ್ತರು. ಭಾರವನ್ನು ಮೇಲಕ್ಕೆ ಎತ್ತಿಕೊಡಬೇಕಾದ ತೂಗು ಕಂಬಿಗಳು ಸರಿಯಾದ ಜಾಗದಲ್ಲಿ ಇರದಿದ್ದದ್ದು, ಕಾಂಕ್ರೀಟಿನ ಗುಣಮಟ್ಟ ಕಳಪೆಯಾಗಿದ್ದದ್ದು ತನಿಖೆಯಲ್ಲಿ ಹೊರಬಂತು. ಕನ್ಸಲ್ಟೆಂಟ್ ಸರ್ ಹೇಳಿದ ಮೂರು ತೂಗು ರಿಂಗುಗಳು ಮತ್ತು ಆ ಸೇತುವೆಯ ಕಂಬಿಗಳು ಮಾಡಬೇಕಾದ ಕೆಲಸ ಒಂದೇ ಬಗೆಯದು.

ಅದಕ್ಕೂ ಮುಂಚೆ, 1968ರ ಮೇ 16ರಂದು ಲಂಡನ್ನಿನ 22 ಅಂತಸ್ತಿನ ರೊನಾನ್ ಪಾಯಿಂಟ್ ಕಟ್ಟಡದ 18ನೆಯ ಅಂತಸ್ತಿನಲ್ಲಿ ಅಡುಗೆ ಅನಿಲ ಸಿಡಿದು, ಪ್ರೀಕಾಸ್ಟ್ ಗೋಡೆಯೊಂದು ಹೊರಕ್ಕೆ ಹೋಗಿ, ಆ ಇಡೀ ಮೂಲೆ ಮೇಲಿಂದ ಕೆಳಗಿನವರೆಗೆ ಉದುರಿತು. ಬಿಡಿಬಿಡಿ ಅಂಗಗಳು ಒಂದನ್ನೊಂದು ಹಿಡಿದುಕೊಂಡಿರಲಿಲ್ಲ. ಪಿನ್ ಮಾಡಿದರೂ ಉದ್ದಕ್ಕೆ ಎಳೆದು ಕಟ್ಟುವ ಕಂಬಿಗಳು ಇರಲೇಬೇಕೆಂಬುದು ನಮ್ಮ ಕ್ಷೇತ್ರಕ್ಕೆ ಅಂದು ಮನದಟ್ಟಾಯಿತು. ಆ ದೃಷ್ಟಿಯಿಂದ, ಉಪ ಬೀಮಿನ ಕೆಳಗಿನ ಕಂಬಿಯನ್ನೂ ಅಂಚಿನ ಬೀಮಿನೊಳಕ್ಕೆ ಚೆನ್ನಾಗಿ ಕೊಂಡೊಯ್ಯಬೇಕೆಂದು ನನ್ನ ವಿನಂತಿ.

ಹುಬ್ಬಳ್ಳಿಯ ವಿದ್ಯಾರ್ಥಿ:

ಇನ್ನೊಂದು ಪ್ರಶ್ನೆ ಮೇಷ್ಟ್ರಿಗೆ. ಐಎಸ್ 456ರ 37.1.1ನೆಯ ಕಲಮು ಮೊಮೆಂಟಿನ ಮರುಹಂಚಿಕೆಯನ್ನು ಶೇ. 30ಕ್ಕೆ ಮಿತಿಗೊಳಿಸುತ್ತದೆ. 27 ಇದ್ದದ್ದನ್ನು ಸೊನ್ನೆ ಮಾಡುವುದು ಶೇ. 100ರ ಮರುಹಂಚಿಕೆ ಅಲ್ಲವೇ?

ದಾವಣಗೆರೆಯ ಬೋಧಕ:

ಒಳ್ಳೆಯ ಪ್ರಶ್ನೆ, ಮತ್ತು ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ. ಮರುಹಂಚಿಕೆಯ ಕಲಮು, ಬಾಗುವಿಕೆಯಿಂದ ಕಂಬಿ ಯೀಲ್ಡ್ ಆಗಿ (ಮರಳಿ ಬಾರದಂತೆ ಹಿಗ್ಗಿ) ಆ ಛೇದ ಹೊರಳುತ್ತಾ ಭಾರವನ್ನು ಬೇರೆಡೆಗೆ ದಾಟಿಸುವ ಸ್ಥಿತಿಗೆ ಸಂಬಂಧಿಸಿದೆ. ಅಲ್ಲಿ ಛೇದಕ್ಕೆ ಎಷ್ಟು ಹೊರಳುವ ಶಕ್ತಿ ಇದೆ ಎಂಬುದೇ ಮಿತಿ. ನಮ್ಮ ಸಂಧಿಯಲ್ಲಿ ಮೊಮೆಂಟ್ ಇಳಿಯುವುದು ಉಪ ಬೀಮಿನ ತುದಿ ಯೀಲ್ಡ್ ಆಗುವುದರಿಂದಲ್ಲ, ಅದನ್ನು ಹಿಡಿದಿದ್ದ ಅಂಚಿನ ಬೀಮ್ ತಿರುಚು ಬಿಗಿತ ಕಳೆದುಕೊಳ್ಳುವುದರಿಂದ. ಮೊದಲ 27 ಎಂಬ ಅಂಕಿಯೇ ಬಿರುಕಿಲ್ಲದ ಬೀಮಿನದು, 41.1ನೆಯ ಕಲಮು ಆ ಬಿಗಿತವನ್ನು ಆರಂಭದಲ್ಲಿಯೇ ಬದಿಗಿಡಲು ಅನುಮತಿ ಕೊಟ್ಟಿರುವುದರಿಂದ ಇಲ್ಲಿ ಮರುಹಂಚಿಕೆ ಎಂಬ ಮಾತು ಬರುವುದಿಲ್ಲ.

ಆದರೂ ಅಂಚಿನ ಬೀಮ್ ಎಷ್ಟು ತಿರುಚಬೇಕಾಗುತ್ತದೆ ಎಂದು ಒಮ್ಮೆ ನೋಡಿಬಿಡುವುದು ಒಳ್ಳೆಯದು. ದಿನನಿತ್ಯದ 20 ಕಿಲೋನ್ಯೂಟನ್ ಭಾರಕ್ಕೆ, ಉಪ ಬೀಮಿನ ಬಿಗಿತವನ್ನು ಬಿರುಕಿನ ಸಲುವಾಗಿ ಅರ್ಧಕ್ಕೆ ಇಳಿಸಿದರೂ, ತುದಿ ಹೊರಳುವುದು 0.005 ರೇಡಿಯನ್ನಿಗಿಂತ ಕಡಿಮೆ. ಅದು ಕಾಲಮಿನಿಂದ ಸಂಧಿಯವರೆಗಿನ 2 ಮೀಟರ್ ಉದ್ದದಲ್ಲಿ ಹಂಚಿಹೋಗುತ್ತದೆ. ಮುಚ್ಚಿದ ರಿಂಗುಗಳಿರುವ ಬೀಮ್ ಇಷ್ಟನ್ನು ತಾಳಿಕೊಳ್ಳುತ್ತದೆ. ಅಂಚಿನ ಬೀಮ್ ಗಿಡ್ಡವಾಗಿದ್ದು, ಉಪ ಬೀಮ್ ಕಾಲಮಿಗೆ ಅರ್ಧ ಮೀಟರ್ ದೂರದಲ್ಲಿಯೇ ಸೇರುವುದಾದರೆ ಅದೇ ಹೊರಳುವಿಕೆ ಕಾಲು ಪಾಲು ಉದ್ದದಲ್ಲಿ ಆಗಬೇಕು. ಅಲ್ಲಿ ಬಿರುಕು ದೊಡ್ಡದಾಗುತ್ತದೆ. ಅಂಥ ಕಡೆ ಕಣ್ಣುಮುಚ್ಚಿ ರಿಲೀಸ್ ಕೊಡದೆ ಟಾರ್ಷನ್ನಿಗೆ ವಿನ್ಯಾಸ ಮಾಡುವುದೋ, ಸಾಧ್ಯವಿದ್ದರೆ ಉಪ ಬೀಮನ್ನು ಕಾಲಮಿಗೇ ಸರಿಸುವುದೋ ಉತ್ತಮ.

ಮಲ್ಲೇಶ್ವರದ ವಿನ್ಯಾಸಕಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಪ ಬೀಮಿನ ಎರಡೂ ತುದಿಗಳಿಗೆ ಬಾಗು ಮೊಮೆಂಟಿನ ರಿಲೀಸ್ ಕೊಟ್ಟು, ಕೆಳಗೆ 16 ಮಿ.ಮೀ.ನ ಮೂರು ಕಂಬಿಗಳನ್ನು ಪೂರ್ತಿ ಉದ್ದಕ್ಕೆ ಅಂಚಿನ ಬೀಮಿನೊಳಗೆ ಕೊಂಡೊಯ್ದು ಮೇಲಕ್ಕೆ ಮಡಿಸುವುದು, ಮೇಲೆ 12 ಮಿ.ಮೀ.ನ ಎರಡು ಕಂಬಿಗಳನ್ನು ಕೆಳಕ್ಕೆ ಮಡಿಸುವುದು, ಸಂಧಿಯಲ್ಲಿ ಮೂರು ತೂಗು ರಿಂಗುಗಳು ಎಂದು ತೀರ್ಮಾನಿಸಿದ್ದೇನೆ. ಅಂಚಿನ ಬೀಮುಗಳ ಆಚೆ ಬದಿಯಲ್ಲಿ ಯಾವ ಚಾಚೂ ಇಲ್ಲ. ಮುಖ್ಯ ಬೀಮುಗಳು ಕಾಲಮಿಗೆ ಸೇರುವಲ್ಲಿ ಯಾವ ರಿಲೀಸೂ ಇಲ್ಲ. ಬೆಂಗಳೂರಿಗೆ ಐಚ್ಛಿಕವಾದರೂ 13920ರಂತೆಯೇ ಡೀಟೇಲಿಂಗ್ ಮಾಡುತ್ತೇನೆ. ಉಳಿದದ್ದು ಎರಡು ಸಣ್ಣ ಪ್ರಶ್ನೆ: ಬಾಗಿನ (ಬೀಮ್ ಕೆಳಕ್ಕೆ ಜಗ್ಗುವ) ಮಿತಿಗೆ ಸ್ಪ್ಯಾನ್ ಮತ್ತು ಆಳದ ಅನುಪಾತ ಸಾದಾ ಆಧಾರದ 20 ಹಿಡಿಯಲೋ, ಮುಂದುವರಿದ ಬೀಮಿನ 26 ಹಿಡಿಯಲೋ? ಟಾರ್ಷನ್ನಿಗೂ ರಿಲೀಸ್ ಕೊಡಬೇಕೇ?

ಮೈಸೂರಿನ ಕನ್ಸಲ್ಟೆಂಟ್:

ಪಿನ್ ಎಂದು ಬಲಕ್ಕೆ ಹಿಡಿದ ಮೇಲೆ ಬಾಗಿಗೂ ಸಾದಾ ಆಧಾರದ 20ನ್ನೇ ಹಿಡಿಯಿರಿ. ನಿಮ್ಮ ಅನುಪಾತ 5000ಕ್ಕೆ 410, ಅಂದರೆ 12ರ ಆಸುಪಾಸು. ಚಿಂತೆಯಿಲ್ಲ. ಟಾರ್ಷನ್ ರಿಲೀಸನ್ನು ಉಪ ಬೀಮಿನ ಎರಡೂ ತುದಿಗೆ ಕೊಡಬೇಡಿ. ಹಾಗೆ ಮಾಡಿದರೆ ಮಾದರಿಯಲ್ಲಿ ಬೀಮ್ ತನ್ನ ಅಕ್ಷದ ಸುತ್ತ ತಾನೇ ಸುತ್ತುವಂತಾಗಿ ಅಸ್ಥಿರತೆಯ ಎಚ್ಚರಿಕೆ ಬರುತ್ತದೆ.

ಮಂಗಳೂರಿನ ಸೈಟ್ ಎಂಜಿನಿಯರ್:

ಮೇಡಂ, ನಕ್ಷೆಯಲ್ಲಿ "ಪಿನ್" ಎಂದು ಬರೆಯಬೇಡಿ. ಆ ಪದ ಲೆಕ್ಕದ ಹಾಳೆಯಲ್ಲಿ ಇರಲಿ. ನಕ್ಷೆಯಲ್ಲಿ ಸಂಧಿಯ ದೊಡ್ಡ ಚಿತ್ರವೊಂದನ್ನು ಬಿಡಿಸಿ, ಮಡಿಕೆಯ ಉದ್ದವನ್ನು ಮಿ.ಮೀ.ನಲ್ಲಿ ಬರೆಯಿರಿ. ಮೋಲ್ಡ್ ಹಾಕುವ ಹಿಂದಿನ ಸಂಜೆ ನೀವೇ ಹೋಗಿ ನೋಡಿದರೆ ಇನ್ನೂ ಒಳ್ಳೆಯದು. ಮೇಲಿನ ಕಂಬಿಯ ಮಡಿಕೆ ಅಂಚಿನ ಬೀಮಿನ ಹೊರಗಿನ ಕಂಬಿಯ ಒಳಮಗ್ಗುಲಿಗೆ ಇಳಿದಿದೆಯೇ, ಉಪ ಬೀಮಿನ ಕೆಳಗಿನ ಕಂಬಿ ಅಂಚಿನ ಬೀಮಿನ ಕಂಬಿಯ ಮೇಲೆ ಕೂತಿದೆಯೇ, ತೂಗು ರಿಂಗು ಮೂರೂ ಇವೆಯೇ ಎಂದು ಕೈಯಿಟ್ಟು ನೋಡಿ. ಮರುದಿನ ಕಾಂಕ್ರೀಟ್ ಸುರಿಯುವಾಗ ಕೆಲಸಗಾರರು ಆ ಮೇಲಿನ ಕಂಬಿಗಳನ್ನೇ ತುಳಿದು ಓಡಾಡುತ್ತಾರೆ, ಆದ್ದರಿಂದ ಓಡಾಟಕ್ಕೆ ಹಲಗೆ ಹಾಸಲು ಮೇಸ್ತ್ರಿಗೆ ಮೊದಲೇ ಹೇಳಿಡಿ.